ಬೂದಿ ಮುಚ್ಚಿದ ಕೆಂಡ

‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಒಳ್ಳೆಯ ಅರ್ಥದಲ್ಲಿ ಬಳಸುವುದಿಲ್ಲ. ಹೊರಗೆ ಶಾಂತವಾಗಿ ಕಂಡರೂ ಒಳಗೆ ದ್ವೇಷ ಹೊಗೆಯಾಡುತ್ತಿರುವ ಊರನ್ನೋ ಮನೆಯನ್ನೋ ಕುರಿತು ಹಾಗೆ ಹೇಳುವುದು ರೂಢಿ. ಆದರೆ ಮಲೆನಾಡಿನ ಹಳ್ಳಿಯೊಂದರಲ್ಲಿ ಸೌದೆ ಒಲೆಯ ಮುಂದೆಯೇ ಬಾಳು ಸವೆಸಿದ ನಮ್ಮ ಅಜ್ಜಿಗೆ ಆ ಮಾತಿನಲ್ಲಿ ಯಾವ ಕೇಡೂ ಕಾಣುತ್ತಿರಲಿಲ್ಲ. ಅವರ ಪಾಲಿಗೆ ಅದು ನಾಳೆಯ ಬೆಳಗಿನ ಭರವಸೆಯಾಗಿತ್ತು.

ರಾತ್ರಿಯ ಜಪಸರ ಮುಗಿದು, ಎಲ್ಲರ ಊಟವಾದ ಮೇಲೆ ಅಜ್ಜಿ ಒಲೆಯ ಬಳಿ ಕುಳಿತು ಉರಿಯುವ ಕೊಳ್ಳಿಗಳನ್ನು ಹೊರಗೆಳೆಯುತ್ತಿದ್ದರು. ನಿಗಿನಿಗಿ ಕೆಂಡಗಳನ್ನು ಒಂದೆಡೆ ಒಟ್ಟುಮಾಡಿ, ಅವುಗಳ ಮೇಲೆ ಬೂದಿಯನ್ನು ಹರಡಿ, ಶಿಲುಬೆಯ ಗುರುತು ಮಾಡಿ ಮಲಗಲು ಹೋಗುತ್ತಿದ್ದರು. “ಹಾಗೇ ಬಿಟ್ಟರೆ ಕೆಂಡ ಉರಿದುಹೋಗುತ್ತದೆ. ನೀರು ಹಾಕಿದರೆ ಸತ್ತುಹೋಗುತ್ತದೆ. ಬೂದಿ ಮುಚ್ಚಿದರೆ ಬೆಳಗಿನವರೆಗೆ ಕಾಯುತ್ತದೆ ಮಗಾ” ಎಂಬುದು ಅವರ ವಿವರಣೆ. ಆಷಾಢದ ಮಳೆಯಲ್ಲಿ ಸೌದೆಯೆಲ್ಲ ಹಸಿ. ಬೆಂಕಿಪೊಟ್ಟಣ ತಂಪು ಹಿಡಿದು, ಕಡ್ಡಿ ಗೀರಿದರೆ ಮದ್ದು ಉದುರುವ ಕಾಲ. ಆಗ ಆ ಹಿಡಿ ಕೆಂಡವೇ ಮನೆಮಂದಿಯ ಬೆಳಗಿನ ಗಂಜಿಗೆ ಆಧಾರವಾಗಿತ್ತು.

ಒಮ್ಮೊಮ್ಮೆ ಕೆಂಡ ಆರಿಯೂ ಹೋಗುತ್ತಿತ್ತು. ಆಗ ಅಜ್ಜಿ ನನ್ನ ಕೈಗೊಂದು ತೆಂಗಿನ ಕರಟ ಕೊಟ್ಟು ಪಕ್ಕದ ಮನೆಗೆ ಅಟ್ಟುತ್ತಿದ್ದರು. ಆ ಮನೆಯವರು ನಾಲ್ಕು ಕೆಂಡ ಹಾಕಿ, ಮೇಲೊಂದಿಷ್ಟು ಬೂದಿ ಉದುರಿಸಿ ಕೊಡುತ್ತಿದ್ದರು. “ನಿಮ್ಮ ಒಲೆ ಏಕೆ ಆರಿತು?” ಎಂದು ಯಾರೂ ವಿಚಾರಣೆ ಮಾಡುತ್ತಿರಲಿಲ್ಲ. ಇಂದು ಇವರ ಒಲೆ, ನಾಳೆ ನಮ್ಮ ಒಲೆ ಎಂಬುದು ಎಲ್ಲರಿಗೂ ತಿಳಿದಿತ್ತು. “ಕೆಂಡ ಕೊಟ್ಟ ಮನೆಯ ಒಲೆ ಅದರಿಂದಾಗಿ ಆರಿದ್ದನ್ನು ನಾನು ಕಂಡಿಲ್ಲ” ಎಂದು ಅಜ್ಜಿ ಹೇಳುತ್ತಿದ್ದುದು ನನಗೆ ಅರ್ಥವಾಗಲು ಅರ್ಧ ಆಯುಷ್ಯವೇ ಬೇಕಾಯಿತು.

ಬೆಂಕಿಪುರದ ಬೆಂಕಿ

ನಾವು ನೆಲೆಸಿರುವ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರು ಅನ್ವರ್ಥವಾದದ್ದು 1923ರ ಜನವರಿಯಲ್ಲಿ, ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಉರಿಯತೊಡಗಿದಾಗ. ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ದೊರೆಯದ ಕಾರಣ ಕಾಡಿನ ಮರದಿಂದ ಮಾಡಿದ ಇದ್ದಿಲಿನಲ್ಲೇ ಅಂದು ಅದಿರನ್ನು ಕರಗಿಸುತ್ತಿದ್ದರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಬೆಟ್ಟವಿಳಿದು ಬರುತ್ತಿತ್ತು. ನಮ್ಮ ಅಜ್ಜಿಯ ಒಲೆಯ ಕೆಂಡಕ್ಕೂ ಆ ಮಹಾಕುಲುಮೆಯ ಇದ್ದಿಲಿಗೂ ಮಲೆನಾಡಿನ ಕಾಡೇ ತಾಯಿ ಎಂದರೆ ತಪ್ಪಾಗಲಾರದು.

ಆ ಕಾರ್ಖಾನೆಯೂ ಮೊದಲ ವರ್ಷಗಳಲ್ಲೇ ಕಷ್ಟ ಕಂಡಿತು. ಕಬ್ಬಿಣದ ಬೆಲೆ ಕುಸಿದು ನಷ್ಟ ತಲೆದೋರಿದಾಗ, ಇದೊಂದು ಬಿಳಿಯಾನೆ ಎಂದು ಕೈಬಿಡಲು ಸಲಹೆ ಕೊಟ್ಟವರಿಗೆ ಕೊರತೆಯಿರಲಿಲ್ಲ. 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ಸರ್ ಎಂ. ವಿಶ್ವೇಶ್ವರಯ್ಯನವರು 1929ರವರೆಗೆ ಅದರ ಹೊಣೆ ಹೊತ್ತು, ವೆಚ್ಚವನ್ನು ಬಿಗಿಹಿಡಿದು, ನಮ್ಮ ನಾಡಿನವರನ್ನೇ ಕೆಲಸಕ್ಕೆ ಸಜ್ಜುಗೊಳಿಸಿ ಅದನ್ನು ಮೇಲೆತ್ತಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯೂ ಇಲ್ಲಿ ಸ್ಥಾಪನೆಯಾಯಿತು. ದುಡಿಮೆಯನ್ನು ಅರಸಿ ನಾಲ್ಕು ದಿಕ್ಕಿನಿಂದ ಜನ ಬಂದರು. ಕೊಂಕಣಿ, ತಮಿಳು, ಕನ್ನಡ, ಮಲಯಾಳ ಮನೆಮಾತಿನ ಕಥೋಲಿಕ ಕುಟುಂಬಗಳು ಒಂದೇ ಪೀಠದ ಮುಂದೆ ಮಂಡಿಯೂರಿದವು. ಸೆಪ್ಟೆಂಬರ್ 8ರಂದು ಒಂದು ಮನೆಯಲ್ಲಿ ಮೊಂತಿ ಹಬ್ಬದ ಹೊಸ ತೆನೆ, ಇನ್ನೊಂದು ಮನೆಯಲ್ಲಿ ವೇಳಾಂಗಣಿ ಮಾತೆಯ ಹಬ್ಬ. ತಾಯಿ ಮಾತ್ರ ಒಬ್ಬಳೇ.

ಕುಲುಮೆಯ ವಿಷಯದಲ್ಲಿ ತಿಳಿದವರು ಹೇಳುವ ಒಂದು ಮಾತಿದೆ. ಊದುಕುಲುಮೆಯನ್ನು ಮನಬಂದಾಗ ಆರಿಸಿ ಮನಬಂದಾಗ ಹೊತ್ತಿಸಲಾಗದು. ಒಳಗಿನ ಕರಗಿದ ಲೋಹ ತಣ್ಣಗಾದರೆ ಅಲ್ಲೇ ಹೆಪ್ಪುಗಟ್ಟಿ ಬಂಡೆಯಾಗುತ್ತದೆ. ಆಮೇಲೆ ಅದನ್ನು ಒಡೆದು ತೆಗೆಯುವುದೇ ದೊಡ್ಡ ಕೆಲಸ. ಮನುಷ್ಯನ ಮನಸ್ಸೂ ಹಾಗೆಯೇ ಅಲ್ಲವೇ?

2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ, ಮೊದಲ ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷವಾದ ತಿಂಗಳಲ್ಲೇ, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದಿತು. ಗುತ್ತಿಗೆ ಕಾರ್ಮಿಕರು ಹೋರಾಟಕ್ಕೆ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಚಾಲನೆಗೊಂಡಾಗ ಊರು ಸ್ವಲ್ಪ ಉಸಿರು ಬಿಟ್ಟಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸಂಗತಿಗಳು. ಆದರೆ ದೊಡ್ಡ ಕಾರ್ಖಾನೆಗಳು ಸೊರಗಿದಾಗ ಅವುಗಳ ನೆರಳಿನಲ್ಲಿದ್ದ ಅಂಗಡಿ, ಹೋಟೆಲು, ಸಣ್ಣಪುಟ್ಟ ವರ್ಕ್‌ಷಾಪುಗಳಲ್ಲಿ ಆರಿದ ಒಲೆಗಳ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅಂಥ ಒಂದು ಮನೆಯ ಕಥೆಯನ್ನು, ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

ಊಟದ ಡಬ್ಬಿ

ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಕುಟುಂಬವದು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೆಲವು ತಿಂಗಳಿಂದ ತಾಯಿ ಮಕ್ಕಳು ಮಾತ್ರ ಬರುತ್ತಿದ್ದರು. ಯಜಮಾನರಿಗೆ ಭಾನುವಾರವೂ ಡ್ಯೂಟಿ ಇರಬಹುದೆಂದು ನಾನು ನನ್ನಷ್ಟಕ್ಕೇ ತೀರ್ಮಾನಿಸಿಕೊಂಡೆ. ಒಂದು ಮಾತು ಕೇಳಲಿಲ್ಲ. ಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ಆ ತಾಯಿಯತ್ತ ಕೈಮುಗಿದು, ಪೂಜೆ ಮುಗಿದೊಡನೆ ಚಪ್ಪಲಿ ಮೆಟ್ಟಿ ಮನೆಗೆ ಹೊರಡುತ್ತಿದ್ದೆ.

ಒಂದು ಮಧ್ಯಾಹ್ನ ಕೆಲಸದ ನಿಮಿತ್ತ ಶಿವಮೊಗ್ಗಕ್ಕೆ ಹೋದವನು ಬಿ.ಎಚ್. ರಸ್ತೆಯಲ್ಲಿರುವ ಪವಿತ್ರ ಹೃದಯ ಪ್ರಧಾನಾಲಯದೊಳಕ್ಕೆ ಪ್ರಾರ್ಥನೆಗೆಂದು ಕಾಲಿಟ್ಟೆ. ಆ ವಿಶಾಲವಾದ ಆಲಯದ ಕಡೆಯ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು. ಇಸ್ತ್ರಿ ಮಾಡಿದ ಅಂಗಿ, ಪಕ್ಕದಲ್ಲಿ ಊಟದ ಡಬ್ಬಿ. ನೋಡಿದರೆ ಇವರೇ! ನನ್ನನ್ನು ಕಂಡು ಅವರ ಮುಖ ಬಿಳುಪೇರಿತು. ಹೊರಗೆ ಕರೆತಂದು ಮಾತನಾಡಿಸಿದೆ. ಅವರು ದುಡಿಯುತ್ತಿದ್ದ ಸಣ್ಣ ಘಟಕ ಬಾಗಿಲು ಮುಚ್ಚಿ ಆರು ತಿಂಗಳಾಗಿತ್ತು. ಮನೆಯಲ್ಲಿ ಹೇಳಲು ಬಾಯಿ ಬಂದಿರಲಿಲ್ಲ. ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಹೊರಟು, ಬಸ್ಸು ಹತ್ತಿ, ಸಿಕ್ಕ ದಿನ ಸಿಕ್ಕ ಕೂಲಿ ಮಾಡಿ, ಸಿಗದ ದಿನ ಇಲ್ಲಿ ಬಂದು ಕೂರುತ್ತಿದ್ದರು. ತಿಂಗಳ ಕೊನೆಗೆ ಸಾಲ ತಂದು ಸಂಬಳವೆಂದು ಹೆಂಡತಿಯ ಕೈಗಿಡುತ್ತಿದ್ದರು. “ಅಣ್ಣಾ, ದಯವಿಟ್ಟು ನಮ್ಮ ಮನೆಯಲ್ಲಿ ಹೇಳಬೇಡಿ. ಅವಳಿಗೆ ತಿಳಿದರೆ ಕುಸಿದುಹೋಗುತ್ತಾಳೆ” ಎಂದರು.

ಏನು ಹೇಳಬೇಕೆಂದು ತೋಚಲಿಲ್ಲ. “ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತದೆ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಆರು ತಿಂಗಳು ಮುಂದಿನ ಬೆಂಚು ಖಾಲಿಯಿದ್ದುದನ್ನು ಕಂಡೂ ಕೇಳದವನಿಗೆ ಆ ಮಾತು ಹೇಳುವ ಅಧಿಕಾರವಿರಲಿಲ್ಲ. “ನಡೆಯಿರಿ, ನಿಮ್ಮ ಜತೆ ನಾನೂ ಮನೆಗೆ ಬರುತ್ತೇನೆ. ಹೇಳುವುದು ಬಿಡುವುದು ನಿಮಗೆ ಸೇರಿದ್ದು” ಎಂದಷ್ಟೇ ಹೇಳಿದೆ.

ಅಂದು ಸಂಜೆ ಅವರ ಮನೆಯಲ್ಲಿ ಜಪಸರ ನಡೆಯಿತು. ಕೊನೆಗೆ ಬೇಡಿಕೆಗಳನ್ನು ಹೇಳುವ ಹೊತ್ತಿಗೆ ಅವರು ತಲೆತಗ್ಗಿಸಿ, ಕೆಲಸ ಹೋದ ಸಂಗತಿಯನ್ನು ದೇವರಿಗೆ ಹೇಳುವಂತೆ ಮನೆಯವರಿಗೆ ಹೇಳಿದರು. ಹೆಂಡತಿ ಅಳಲಿಲ್ಲ, ಬೆಚ್ಚಲೂ ಇಲ್ಲ. “ಗೊತ್ತು ನನಗೆ. ಮೊದಲ ತಿಂಗಳೇ ಗೊತ್ತಾಯಿತು. ನೀವಾಗಿ ಹೇಳುವವರೆಗೆ ಕಾಯೋಣವೆಂದು ಸುಮ್ಮನಿದ್ದೆ” ಎಂದರು. ಆಮೇಲೆ ಅಕ್ಕಿ ಡಬ್ಬದ ಹಿಂದಿನಿಂದ ಒಂದು ಸಣ್ಣ ಗಂಟು ತೆಗೆದು ಮುಂದಿಟ್ಟರು. ಅಕ್ಕಪಕ್ಕದವರ ರವಿಕೆ ಹೊಲಿದು, ಪ್ರತಿದಿನ ಅನ್ನಕ್ಕಿಡುವ ಅಕ್ಕಿಯಲ್ಲಿ ಒಂದು ಹಿಡಿ ತೆಗೆದಿಟ್ಟು, ಅವರು ಮೆಲ್ಲಗೆ ಕೂಡಿಸಿದ್ದ ಹಣ ಅದು. ಗಂಡ ಕೆಲಸಕ್ಕೆ ಹೋಗುತ್ತಿಲ್ಲವೆಂದು ತಿಳಿದಿದ್ದರೂ ಆ ತಾಯಿ ಐದು ತಿಂಗಳು ದಿನವೂ ಬೆಳಿಗ್ಗೆ ಎದ್ದು ಆ ಡಬ್ಬಿಗೆ ಅನ್ನ ತುಂಬಿದ್ದರು!

ಅಂದು ನನಗೆ ಅಜ್ಜಿಯ ಒಲೆ ಕಣ್ಣ ಮುಂದೆ ಬಂದಿತು. ಬೂದಿಯ ಕೆಳಗೆ ಕೆಂಡ ಕಾದಿತ್ತು.

ಹಿಡಿ ಹಿಟ್ಟು, ತೊಟ್ಟು ಎಣ್ಣೆ

ಪವಿತ್ರ ಗ್ರಂಥದಲ್ಲಿ ಸರೆಪ್ತದ ವಿಧವೆಯ ಕಥೆ ನಮಗೆಲ್ಲ ತಿಳಿದದ್ದೇ. ಬರಗಾಲದಲ್ಲಿ ಅವಳ ಮನೆಯಲ್ಲಿ ಉಳಿದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಅದನ್ನು ಬೇಯಿಸಿ ಮಗನೊಡನೆ ತಿಂದು ಸಾಯುವುದೆಂದು ಅವಳು ಸೌದೆ ಆರಿಸುತ್ತಿದ್ದಳು. ಪ್ರವಾದಿ ಎಲೀಯನ ಮಾತಿನಂತೆ ಮೊದಲು ಅವನಿಗೆ ರೊಟ್ಟಿ ಮಾಡಿಕೊಟ್ಟಳು. ಮಡಕೆಯ ಹಿಟ್ಟು ಮುಗಿಯಲಿಲ್ಲ, ಕುಡಿಕೆಯ ಎಣ್ಣೆ ತೀರಲಿಲ್ಲ. ಒಂದು ಅಂಶವನ್ನು ಇಲ್ಲಿ ಗಮನಿಸಬೇಕು. ದೇವರು ಅವಳ ಮನೆಯಲ್ಲಿ ಹಿಟ್ಟಿನ ಗುಡ್ಡೆ ಸುರಿಯಲಿಲ್ಲ. ಮಡಕೆಯಲ್ಲಿ ಇದ್ದದ್ದು ದಿನದಿನದ ಹಿಡಿ ಹಿಟ್ಟೇ. ಪ್ರತಿ ಬೆಳಿಗ್ಗೆ ಅವಳು ನಂಬಿಕೆಯಿಂದ ಮಡಕೆಯೊಳಗೆ ಕೈಹಾಕಲೇಬೇಕಿತ್ತು.

ಪ್ರವಾದಿ ಯೆರೆಮೀಯನಂತೂ ಜೆರುಸಲೇಮ್ ಶತ್ರುಗಳ ಮುತ್ತಿಗೆಯಲ್ಲಿದ್ದಾಗ, ತಾನು ಸೆರೆಯಲ್ಲಿದ್ದಾಗ, ಊರಿನ ಹೊಲವೊಂದನ್ನು ಬೆಳ್ಳಿ ತೂಗಿ ಕೊಂಡುಕೊಂಡನು. ನೋಡಿದವರು ನಕ್ಕಿರಬಹುದು. ಈ ನೆಲದಲ್ಲಿ ಜನ ಮತ್ತೆ ಮನೆ ಕಟ್ಟಿ ಬಾಳುವರೆಂಬ ತನ್ನ ನಂಬಿಕೆಯನ್ನು ಅವನು ಬರಿಯ ಬಾಯಿಮಾತಿನಲ್ಲಿ ಬಿಡದೆ ಕ್ರಯಪತ್ರದಲ್ಲಿ ಬರೆಸಿದನು.

ಆಶಾವಾದಕ್ಕೂ ಕ್ರೈಸ್ತ ಭರವಸೆಗೂ ಇರುವ ಅಂತರ ಇಲ್ಲಿದೆ. ನಾಳೆ ಮಳೆ ಬರುವುದಿಲ್ಲ ಎಂದುಕೊಳ್ಳುವುದು ಆಶಾವಾದ. ಮಳೆ ಬಂದರೂ ಗಂಜಿ ಬೇಯಲೆಂದು ಇಂದೇ ಕೆಂಡಕ್ಕೆ ಬೂದಿ ಮುಚ್ಚುವುದು ಭರವಸೆ. 2025ರ ಜ್ಯೂಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸ್ ಅವರು ‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯವನ್ನು ಕೊಟ್ಟರು. ಯಾತ್ರಿಕನೆಂದರೆ ಕುಳಿತು ಹಾರೈಸುವವನಲ್ಲ, ನಡೆಯುವವನು.

ದುಡಿಯುವವನ ಘನತೆಯ ಬಗೆಗೂ ಧರ್ಮಸಭೆ ನಮಗೆ ಕಲಿಸಿದೆ. 1955ರಲ್ಲಿ ಹನ್ನೆರಡನೆಯ ಪಯಸ್ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಕೆಲಸವಿರುವುದು ಮನುಷ್ಯನಿಗಾಗಿಯೇ ಹೊರತು ಮನುಷ್ಯನಿರುವುದು ಕೆಲಸಕ್ಕಾಗಿ ಅಲ್ಲವೆಂಬುದನ್ನು ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1981ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದರು. ಕೆಲಸ ಕಳೆದುಕೊಂಡವನು ಸಂಬಳ ಕಳೆದುಕೊಂಡಿರುತ್ತಾನೆ, ಮರ್ಯಾದೆಯನ್ನಲ್ಲ. ಆದರೆ ಈ ಸತ್ಯವನ್ನು ಅವನು ತಾನೊಬ್ಬನೇ ನಂಬುವುದು ಕಷ್ಟ. ಸುತ್ತಲಿನವರ ನಡೆಯಲ್ಲಿ ಅದು ಅವನಿಗೆ ಕಾಣಬೇಕು.

ಕರಟ ಹಿಡಿದು ಬಂದವರು

ಆ ಕುಟುಂಬಕ್ಕೆ ಯಾವ ಪವಾಡವೂ ನಡೆಯಲಿಲ್ಲ. ಹಳೆಯ ಸಂಬಳದ ಕೆಲಸ ಮರಳಿ ಸಿಗಲಿಲ್ಲ. ಅವರಿಗೆ ವೆಲ್ಡಿಂಗ್ ಕೆಲಸ ಚೆನ್ನಾಗಿ ಬರುತ್ತಿತ್ತು. ಧರ್ಮಕೇಂದ್ರದ ಹಿರಿಯರೊಬ್ಬರು ತಮ್ಮ ಮನೆಯ ಗೇಟು ಮಾಡಿಸಲು ಮುಂಗಡ ಕೊಟ್ಟರು. ಇನ್ನೊಬ್ಬರು ಮನೆಯ ಪಕ್ಕದ ಶೆಡ್ಡನ್ನು ಬಾಡಿಗೆ ಕೇಳದೆ ಬಿಟ್ಟುಕೊಟ್ಟರು. ಆ ತಾಯಿಯ ಗಂಟಿನ ಹಣದಲ್ಲಿ ಒಂದು ಹಳೆಯ ಯಂತ್ರ ಬಂದಿತು. ಸಾಲ ಇನ್ನೂ ತೀರಿಲ್ಲ. ತಿಂಗಳು ತಿಂಗಳು ತೀರುತ್ತಿದೆ. ಭಾನುವಾರ ಮುಂದಿನ ಬೆಂಚಿನಲ್ಲಿ ಈಗ ನಾಲ್ವರೂ ಕೂರುತ್ತಾರೆ.

“ನೀವು ತಿಳಿದಿದ್ದೂ ಅಷ್ಟು ದಿನ ಸುಮ್ಮನಿದ್ದದ್ದು ಸರಿಯೇ?” ಎಂದು ಒಮ್ಮೆ ಆ ತಾಯಿಯನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಸರಿಯೋ ತಪ್ಪೋ ತಿಳಿಯದು ಅಣ್ಣಾ. ಅವರ ಮನಸ್ಸು ಮುರಿಯಬಾರದು ಎಂದುಕೊಂಡೆ. ಆದರೆ ಇನ್ನೆರಡು ತಿಂಗಳು ಕಳೆದಿದ್ದರೆ ನನಗೂ ಆಗುತ್ತಿರಲಿಲ್ಲ. ಅಂದು ನೀವು ಬಂದದ್ದು ಒಳ್ಳೆಯದಾಯಿತು” ಎಂದರು. ಕೆಂಡಕ್ಕೆ ಬೂದಿ ಮುಚ್ಚುವುದು ಒಂದು ರಾತ್ರಿಗೆ ಮಾತ್ರ. ಬೆಳಗಾದ ಮೇಲೆ ಯಾರಾದರೂ ಬೂದಿ ಸರಿಸಿ ಊದಲೇಬೇಕು. ಇಲ್ಲವಾದರೆ ಅದೂ ಆರುತ್ತದೆ.

ಪ್ರಿಯ ಓದುಗರೇ, ಇಂದು ನಮ್ಮ ಮನೆಗಳಲ್ಲಿ ಗ್ಯಾಸ್ ಒಲೆಗಳಿವೆ. ಕರಟ ಹಿಡಿದು ಕೆಂಡಕ್ಕಾಗಿ ಯಾರೂ ಬರುವುದಿಲ್ಲ. ಆದರೆ ಆರಿದ ಒಲೆಗಳು ಇಲ್ಲವೆಂದಲ್ಲ. ಕೇಳಲು ನಾಚುವವರು ಹೆಚ್ಚಾಗಿದ್ದಾರೆ, ಅಷ್ಟೆ. ನಮ್ಮ ಬೀದಿಯಲ್ಲಿ, ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ, ನಮ್ಮ ಮುಂದಿನ ಬೆಂಚಿನಲ್ಲಿ ಅಂಥವರು ಇದ್ದಾರೆ. ಅವರು ಬರುವವರೆಗೆ ಕಾಯದೆ ನಾವೇ ಕರಟದಲ್ಲಿ ನಾಲ್ಕು ಕೆಂಡ ಹಾಕಿಕೊಂಡು ಹೋಗಬಾರದೇಕೆ? ಹೋದಾಗ ಉಪದೇಶ ಬೇಡ, ವಿಚಾರಣೆಯೂ ಬೇಡ. “ಎರಡು ಭಾನುವಾರದಿಂದ ಕಾಣಲಿಲ್ಲ, ನೋಡಿಕೊಂಡು ಹೋಗೋಣವೆಂದು ಬಂದೆ” ಎಂಬ ಒಂದು ಮಾತು ಸಾಕು. ಕೈಯಲ್ಲಿ ಕೆಲಸ ಕೊಡುವ ಶಕ್ತಿಯಿದ್ದವರು ಕೆಲಸ ಕೊಡಲಿ; ಇಲ್ಲದವರು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಜತೆಯಲ್ಲಿ ಕೂರಲಿ.

ಪಾಸ್ಕ ಜಾಗರಣೆಯ ರಾತ್ರಿಯನ್ನು ನೆನೆಯಿರಿ. ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ಪಾಸ್ಕ ಮೇಣದಬತ್ತಿಯನ್ನು ಹೊತ್ತಿಸುತ್ತಾರೆ. ಆ ಒಂದು ಜ್ವಾಲೆಯಿಂದ ನಮ್ಮ ಬತ್ತಿ, ನಮ್ಮ ಬತ್ತಿಯಿಂದ ಪಕ್ಕದವರ ಬತ್ತಿ. ಕೊಟ್ಟವರ ಬೆಳಕು ಕಡಿಮೆಯಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆಲಯವೆಲ್ಲ ಬೆಳಗುತ್ತದೆ. ಓದುಬರಹ ಅರಿಯದ ನಮ್ಮ ಅಜ್ಜಿ ಪ್ರತಿ ವರ್ಷವೂ ಆ ಬತ್ತಿಯನ್ನು ಹಿಡಿದು ನಿಂತವರೇ. ಕೆಂಡ ಕೊಟ್ಟ ಮನೆಯ ಒಲೆ ಆರುವುದಿಲ್ಲವೆಂಬುದನ್ನು ಅವರು ಅಲ್ಲಿ ಕಲಿತರೋ ಅಥವಾ ತಮ್ಮ ಒಲೆಯ ಮುಂದೆಯೇ ಕಲಿತರೋ ನಾನರಿಯೆ. ಎರಡೂ ಕಡೆ ಪಾಠ ಒಂದೇ.

ಇಂದು ರಾತ್ರಿ ಜಪಸರ ಮುಗಿದ ಮೇಲೆ, ನಮ್ಮ ಪರಿಚಯದ ಯಾವ ಒಲೆ ಆರಿರಬಹುದೆಂದು ಒಂದು ನಿಮಿಷ ಯೋಚಿಸೋಣ. ನಾಳೆ ಬೆಳಿಗ್ಗೆ ಆ ಮನೆಯ ಬಾಗಿಲು ತಟ್ಟೋಣ. ಬೆಂಕಿಪುರದ ಬೆಂಕಿಯನ್ನು ಕಾಯುವ ಕೆಲಸದಲ್ಲಿ ನಮ್ಮ ಪಾಲಿಗೆ ಬಂದದ್ದು ಅಷ್ಟೇ. ಉಳಿದದ್ದನ್ನು ಪ್ರಭುವು ನಡೆಸಿಕೊಡುವನು.