ಮೂರ್ಛೆ ಬರಿಸಿ ನೋಡುವ ಮೇಜು

ಕನ್ನಡದಲ್ಲಿ ಮೂರ್ಛೆ ಎಂಬ ಒಂದೇ ಮಾತು, ಕಣ್ಣು ಕತ್ತಲಿಟ್ಟು ಕುಸಿದವರು ಅರೆಗಳಿಗೆಯಲ್ಲಿ ಎಚ್ಚರಗೊಳ್ಳುವ ಸ್ಥಿತಿಗೂ, ಮೂರ್ಛೆರೋಗವೆಂಬ ಸಮಾಸದ ಮೂಲಕ ಅಪಸ್ಮಾರಕ್ಕೂ ಸಲ್ಲುತ್ತದೆ. ಮೊದಲನೆಯದಕ್ಕೆ ಮಿದುಳಿಗೆ ರಕ್ತ ಸಾಲದಿರುವುದು ಕಾರಣವಾದರೆ, ಎರಡನೆಯದಕ್ಕೆ ಮಿದುಳಿನ ವಿದ್ಯುತ್ ಚಟುವಟಿಕೆ ಹದ ತಪ್ಪುವುದು ಕಾರಣ. ಗೊಂದಲ ಭಾಷೆಯದ್ದಷ್ಟೇ ಅಲ್ಲ. ರಕ್ತ ಸಾಲದೆ ಬಿದ್ದವರ ಕೈಕಾಲೂ ಕೆಲವು ಕ್ಷಣ ಅದುರುವುದುಂಟಾದ್ದರಿಂದ, ಅಪಸ್ಮಾರದ ಗುಳಿಗೆಗಳನ್ನು ವೃಥಾ ನುಂಗಿದವರೂ ಇದ್ದಾರೆ. ವೈದ್ಯರ ಬಳಿಗೆ ಬರುವಷ್ಟರಲ್ಲಿ ನಾಡಿ, ರಕ್ತದೊತ್ತಡ ಎರಡೂ ಸರಿಹೋಗಿರುತ್ತವೆ. ಹೀಗೆ ಕುರುಹು ಉಳಿಸದ ಘಟನೆಯನ್ನು ಉಪಕರಣಗಳ ಎದುರಿನಲ್ಲೇ ಮರುಕಳಿಸುವಂತೆ ಮಾಡುವುದು ಟಿಲ್ಟ್ ಟೇಬಲ್, ಅಂದರೆ ಓರೆಮೇಜಿನ ಪರೀಕ್ಷೆ.

ಮನುಷ್ಯ ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಎದೆಯಿಂದ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ಕತ್ತಿನ ಶೀರ್ಷಧಮನಿಯಲ್ಲೂ ಮಹಾಪಧಮನಿಯ ಕಮಾನಿನಲ್ಲೂ ಇರುವ ಒತ್ತಡಗ್ರಾಹಿಗಳು, ಎಂದರೆ ನಾಳದ ಗೋಡೆಯ ಹಿಗ್ಗನ್ನು ಗ್ರಹಿಸುವ ನರತುದಿಗಳು, ಈ ಇಳಿತವನ್ನು ಮಿದುಳಿಗೆ ತಿಳಿಸುತ್ತಲೇ ರಕ್ತನಾಳಗಳು ಬಿಗಿದು ನಾಡಿ ಚುರುಕಾಗುತ್ತದೆ. ಮೀನಖಂಡದ ಸ್ನಾಯುಗಳೂ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತವೆ. ಸುಮ್ಮನೆ ನಿಲ್ಲಿಸಿದರೆ ಸಾಲದೆ ಮೇಜು ಬೇಕಾಗುವುದು ಇದಕ್ಕಾಗಿಯೇ: ಪಟ್ಟಿಗಳಲ್ಲಿ ಬಿಗಿಸಿಕೊಂಡು, ಪಾದಗಳನ್ನು ಹಲಗೆಗೆ ಊರಿ, 60ರಿಂದ 70 ಡಿಗ್ರಿ ಓರೆಯಲ್ಲಿ ನಿಶ್ಚಲವಾಗಿರುವವರಿಗೆ ಕಾಲಿನ ಸ್ನಾಯುಗಳ ನೆರವು ಬಹುಮಟ್ಟಿಗೆ ತಪ್ಪಿಹೋಗುತ್ತದೆ.

ಕಾರಣ ತಿಳಿಯದ ಮೂರ್ಛೆಗೆ ಈ ಪರೀಕ್ಷೆ ಉಪಯುಕ್ತವೆಂದು ರೋಸ್ ಆನ್ ಕೆನ್ನಿ, ರಿಚರ್ಡ್ ಸಟ್ಟನ್ ಮತ್ತು ಸಂಗಡಿಗರು 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿಕೊಟ್ಟರು. 20ರಿಂದ 45 ನಿಮಿಷ ನಡೆಯುವ ಪರೀಕ್ಷೆಯುದ್ದಕ್ಕೂ ಇಸಿಜಿಯ ಜೊತೆಗೆ ರಕ್ತದೊತ್ತಡವೂ ದಾಖಲಾಗುತ್ತದೆ. ಏನೂ ಆಗದಿದ್ದರೆ ನಾಳಗಳನ್ನು ಸಡಿಲಿಸುವ ನೈಟ್ರೋಗ್ಲಿಸರಿನ್ ಔಷಧವನ್ನು ನಾಲಗೆಯಡಿ ಕೊಡುವುದುಂಟು. ಒತ್ತಡ ಹಠಾತ್ತನೆ ಕುಸಿದು, ವೇಗಸ್ ನರದ ಪ್ರಭಾವದಿಂದ ನಾಡಿಯೂ ನಿಧಾನಿಸಿದರೆ, ಒಮ್ಮೊಮ್ಮೆ ಹೃದಯವೇ ಕೆಲವು ಸೆಕೆಂಡು ತಡೆದು ನಿಂತರೆ, ಅದು ಅತಿ ಸಾಮಾನ್ಯವಾದ ವೇಸೋವೇಗಲ್ ಮೂರ್ಛೆ. ಒತ್ತಡ ಬೀಳದೆ 10 ನಿಮಿಷದೊಳಗೆ ವಯಸ್ಕರ ನಾಡಿ 30 ಬಡಿತಗಳಷ್ಟು ಏರಿ ನಿಂತು, ತಲೆಸುತ್ತಿನಂಥ ತೊಂದರೆಯೂ ತೋರಿದರೆ ಪಾಟ್ಸ್ ಎಂಬ ಬೇರೊಂದು ತೊಡಕನ್ನು ಶಂಕಿಸಲಾಗುತ್ತದೆ. ಒತ್ತಡ, ನಾಡಿ ಎರಡೂ ನೆಟ್ಟಗಿದ್ದು ರೋಗಿ ಮಾತ್ರ ಕಣ್ಮುಚ್ಚಿ ಒರಗಿದರೆ ಕಾರಣವನ್ನು ಮನಸ್ಸಿನಲ್ಲಿ ಹುಡುಕಬೇಕಾಗುತ್ತದೆ.

ಎಂದೂ ಮೂರ್ಛೆ ಹೋಗದ ಆರೋಗ್ಯವಂತರೂ ಈ ಮೇಜಿನ ಮೇಲೆ ಕೆಲವೊಮ್ಮೆ ಎಚ್ಚರ ತಪ್ಪುತ್ತಾರೆ. ಹಲವು ಬಾರಿ ಬಿದ್ದವರು ಅಲುಗದೆ ಉಳಿಯುವುದೂ ಉಂಟು. ಆದ್ದರಿಂದ ಬರಿಯ ಗೆರೆಗಳು ನಿರ್ಣಯವಾಗಲಾರವು. ಮೇಜನ್ನು ಮಟ್ಟಸಗೊಳಿಸಿದ ಮೇಲೆ ಕಣ್ತೆರೆದ ರೋಗಿ, ಮನೆಯಲ್ಲಿ ಬೀಳುವ ಮುನ್ನ ಆಗುತ್ತಿದ್ದುದು ಇದೇ ಎಂದು ಗುರುತಿಸಿದಾಗಲೇ ಆ ಗೆರೆಗಳಿಗೆ ಬೆಲೆ. ಪರೀಕ್ಷೆಗೆ ಮೊದಲು ವೈದ್ಯರು ಕೇಳುವ ವಿವರಗಳೂ ಅಷ್ಟೇ ಮುಖ್ಯವಾದ್ದರಿಂದ, ಬಿದ್ದುದನ್ನು ಕಣ್ಣಾರೆ ಕಂಡವರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.