ನೋವಿಲ್ಲದ ಬಾವು

ನೋವು ಬಂದರೆ ವೈದ್ಯರಲ್ಲಿಗೆ ಓಡುವುದು, ನೋವಿಲ್ಲದಿದ್ದರೆ ಸುಮ್ಮನಿರುವುದು. ಹಮಾಲರಿಂದ ಹಿಡಿದು ನಮ್ಮಂಥ ಕಾರಕೂನರವರೆಗೆ ಎಲ್ಲರ ಪದ್ಧತಿಯೂ ಇದೇ ಅಲ್ಲವೆ? ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ದುಡಿಯುವ ನಮ್ಮ ಜನರಿಗಂತೂ ಒಂದು ದಿನ ಖಾಡೆಯಾದರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಹೀಗಾಗಿ ದವಡೆ ತುಸು ಊದಿದರೆ "ಹಲ್ಲಿನ ಬಾವು, ಏನ್ ಆಗ್ತದ ಬಿಡ್ರಿ, ನೋವಂತೂ ಇಲ್ಲ" ಎಂದು ಲವಂಗದ ಎಣ್ಣೆ ಹಚ್ಚಿ ತಿಂಗಳುಗಳನ್ನು ದೂಡುತ್ತೇವೆ. ನೋವಿಲ್ಲವೆಂಬ ಈ ಸಮಾಧಾನವೇ ಕೆಲವೊಮ್ಮೆ ಮೋಸ ಮಾಡುತ್ತದೆ.

ದವಡೆಯ ಎಲುಬಿನೊಳಗೆ ಬೆಳೆಯುವ ಅಮೆಲೋಬ್ಲಾಸ್ಟೋಮ ಎಂಬ ಗಡ್ಡೆಯೊಂದುಂಟು. ಹಲ್ಲಿಗೆ ಎನಾಮಲ್ ಎಂಬ ಗಟ್ಟಿ ಕವಚವನ್ನು ಕಟ್ಟಿಕೊಡುವ ಅಂಗಾಂಶದಿಂದ ಇದು ಹುಟ್ಟುತ್ತದೆ. ಇದು ಬಲು ಅಪರೂಪ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದು. ಹೆಚ್ಚಾಗಿ ಕೆಳದವಡೆಯಲ್ಲಿ, ಅದರಲ್ಲೂ ಹಿಂದಿನ ದವಡೆ ಹಲ್ಲುಗಳ ಬಳಿ ಕಾಣುತ್ತದೆ. ದುಡಿಯುವ ವಯಸ್ಸಿನವರಲ್ಲಿಯೇ ಹೆಚ್ಚು. ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ. ದೂರದ ಅಂಗಗಳಿಗೆ ಹರಡುವುದು ತೀರ ವಿರಳ. ಆದರೆ ಇದ್ದ ಜಾಗದಲ್ಲಿ ಗೆದ್ದಲಿನಂತೆ ಎಲುಬನ್ನು ತಿನ್ನುತ್ತ ಹೋಗುತ್ತದೆ. ಹಲ್ಲು ಸಡಿಲವಾಗುತ್ತದೆ, ಕಚ್ಚುವಾಗ ಮೇಲಿನ ಕೆಳಗಿನ ಹಲ್ಲು ಕೂಡುವುದಿಲ್ಲ, ಮುಖ ಒಂದು ಕಡೆ ಉಬ್ಬುತ್ತದೆ.

ತಂಬಾಕು ಮುಟ್ಟದವರಿಗೂ ಇದು ಬರುತ್ತದೆ. ಹಾಗೆಂದು ತಂಬಾಕು, ಮಿಶ್ರಿಗಳನ್ನು ನಿರಪಾಯವೆಂದು ತಿಳಿಯಬಾರದು. ಬಾಯಿಯ ಕ್ಯಾನ್ಸರಿಗೆ ಅವೇ ದೊಡ್ಡ ಕಾರಣ. ಯಾವ ಬಾವು ಯಾವುದೆಂಬುದನ್ನು ಕೈಯಿಂದ ಮುಟ್ಟಿ ಹೇಳಲಾಗದು. ಕ್ಷ-ಕಿರಣದ ಚಿತ್ರದಲ್ಲಿ ಸಾಬೂನಿನ ನೊರೆಯ ಗುಳ್ಳೆಗಳಂಥ ಗುರುತು ಕಂಡರೆ ವೈದ್ಯರಿಗೆ ಸಂಶಯ ಬರುತ್ತದೆ. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ನಿರ್ಣಯ.

ಚಿಕಿತ್ಸೆ ಮುಖ್ಯವಾಗಿ ಶಸ್ತ್ರಕ್ರಿಯೆ. ಇಲ್ಲಿ ವಾಚಕರು ಗಮನಿಸಬೇಕಾದ ಮಾತೊಂದುಂಟು. "ಒಂದಿಷ್ಟು ಕೆರೆದು ತೆಗೆದರೆ ಸಾಲದೆ?" ಎಂದು ಮನೆಯವರು ಕೇಳುವುದು ಸಹಜ. ಚೀಲದಂಥ ಸೌಮ್ಯ ಬಗೆಗೆ ಕೆಲವೊಮ್ಮೆ ಸಾಕಾದೀತು. ಆದರೆ ಗಟ್ಟಿ ಬಗೆಯದು ಬರಿಗಣ್ಣಿಗೆ ಕಾಣುವ ಅಂಚನ್ನು ದಾಟಿ ಎಲುಬಿನ ಸಂದುಗಳಲ್ಲಿ ಹೊಕ್ಕಿರುತ್ತದೆ. ಕೆರೆದರಷ್ಟೆ ಬಹಳ ಮಂದಿಗೆ ಮರಳಿ ಬರುತ್ತದೆ. ಆದುದರಿಂದ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ತೆಗೆಯುತ್ತಾರೆ. ಹಾಗಾದರೆ ಮುಖದ ಗತಿ? 1989ರಲ್ಲಿ ಅಮೇರಿಕದ ಶಸ್ತ್ರವೈದ್ಯ ಹಿಡಾಲ್ಗೊ ಅವರು ಕಾಲಿನ ತೆಳ್ಳಗಿನ ಎಲುಬನ್ನು ರಕ್ತನಾಳ ಸಹಿತ ತೆಗೆದು ದವಡೆ ಕಟ್ಟುವ ಕ್ರಮವನ್ನು ಪ್ರಕಟಿಸಿದರು. ಇಂದು ಭಾರತದಲ್ಲಿಯೂ ಅದು ನಡೆಯುತ್ತಿದೆ. 2014ರಲ್ಲಿ ಈ ಗಡ್ಡೆಗಳಲ್ಲಿ ಹಲವಕ್ಕೆ ಬಿ-ರಾಫ್ ಎಂಬ ಜೀನಿನ ಬದಲಾವಣೆ ಕಾರಣವೆಂದು ತಿಳಿದುಬಂತು. ಅದನ್ನು ತಡೆಯುವ ಔಷಧಿಗಳು ಕೆಲವರಲ್ಲಿ ಗಡ್ಡೆಯನ್ನು ಕುಗ್ಗಿಸಿವೆ.

ಶಸ್ತ್ರಕ್ರಿಯೆಯಾದ ಮೇಲೂ ಈ ಕಡತ ಮುಚ್ಚುವಂತಿಲ್ಲ. ಹತ್ತು ವರ್ಷಗಳ ನಂತರ ಮರಳಿ ಬಂದದ್ದುಂಟು. ಊರು ಬಿಟ್ಟು ಊರು ತಿರುಗುವ ನಮ್ಮಂಥವರಿಗೆ ತೊಡಕು ಇಲ್ಲಿಯೇ. ಪುಣೆಯಲ್ಲಿ ಶಸ್ತ್ರಕ್ರಿಯೆ, ಆಮೇಲೆ ಸುಗ್ಗಿಗೆಂದು ಊರಿಗೆ. ಚೀಟಿ ಎಲ್ಲಿಯೋ, ಚಿತ್ರ ಎಲ್ಲಿಯೋ. ರೇಷನ್ ಕಾರ್ಡಿನ ಜೊತೆಯಲ್ಲಿಯೇ ಆ ಚಿತ್ರ, ಪರೀಕ್ಷೆಯ ವರದಿ, ಶಸ್ತ್ರಕ್ರಿಯೆಯ ಕಾಗದಗಳನ್ನು ಟ್ರಂಕಿನಲ್ಲಿಡಿ. ಹೋದ ಊರಿನ ವೈದ್ಯರಿಗೆ ತೋರಿಸಿ.

ತೋರಿಸುವುದೆಲ್ಲಿ ಎಂದರೆ, ಪುಣೆಯಲ್ಲಿ ರೈಲು ನಿಲ್ದಾಣದ ಬಳಿ ಸರಕಾರಿ ಸಸೂನ್ ಆಸ್ಪತ್ರೆಯುಂಟು; ಕಾತ್ರಜ ಕಡೆಗೆ ಭಾರತಿ ವಿದ್ಯಾಪೀಠದ ದಂತ ಕಾಲೇಜಿನ ಆಸ್ಪತ್ರೆಯುಂಟು. ಊರ ಕಡೆಗೆ ಅನುಕೂಲವೆನ್ನುವವರಿಗೆ ಧಾರವಾಡದ ಎಸ್.ಡಿ.ಎಂ. ದಂತ ಕಾಲೇಜು ಇದೆ.

ಎರಡು ವಾರದಲ್ಲಿ ಇಳಿಯದ ದವಡೆಯ ಬಾವು ನೋಯಲಿ, ನೋಯದಿರಲಿ, ಒಂದು ದಿನದ ಕೂಲಿ ಹೋದರೂ ಚಿಂತೆಯಿಲ್ಲವೆಂದು ತೋರಿಸಿಕೊಳ್ಳೋಣ. ತಡವಾದಷ್ಟೂ ಕಳೆದುಕೊಳ್ಳುವ ಎಲುಬು ಹೆಚ್ಚು.