ಅಶ್ವಿನಿ ಮಳೆಗೆ ಏಳುವ ಗೆಡ್ಡೆಗಳು

ವಸಂತದಲ್ಲಿ ಹೂ ಬಿಡುವ ಗೆಡ್ಡೆಗಿಡ ಎಂದರೆ ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣುವುದು ಟ್ಯೂಲಿಪ್ ಮತ್ತು ಡ್ಯಾಫೋಡಿಲ್. ಟ್ಯೂಲಿಪ್ ಗೆಡ್ಡೆಯೊಳಗಿನ ಮೊಗ್ಗು ಮೇಲೇಳಲು ಮೂರು ತಿಂಗಳಿಗೂ ಮೀರಿದ ಬಿಡುವಿಲ್ಲದ ಚಳಿ ಬೇಕು. ಶ್ರೀನಗರದಲ್ಲಿ ಅದು ಸಿಗುತ್ತದೆ, ಹೊಸೂರು ಸೀಮೆಯ ರಾಯಕೋಟೆಯಲ್ಲಿ ಸಿಗದು. ಇಲ್ಲಿ ಮಾರ್ಗಶಿರ, ಪುಷ್ಯದ ಬೆಳಗು ಎಷ್ಟೇ ನಡುಗಿಸಿದರೂ ಹೊತ್ತೇರಿದಂತೆ ಬಿಸಿಲು ಕಾಯುತ್ತದೆ. ಫ್ರಿಜ್ಜಿನಲ್ಲಿಟ್ಟು ನೆಟ್ಟ ಟ್ಯೂಲಿಪ್ ಒಮ್ಮೆ ಹೂ ಕೊಟ್ಟರೂ ಮರುವರ್ಷಕ್ಕೆ ಉಳಿಯುವುದು ಅಪರೂಪ. ಹಾಕಿದ ಹಣ ದಂಡ.

ಈ ಸೀಮೆಗೆ ಒಗ್ಗಿದ ಗೆಡ್ಡೆಗಳ ಲೆಕ್ಕವೇ ಬೇರೆ. ಅವು ಕಾಯುವುದು ಒಣಗಿದ ನೆಲಕ್ಕೆ ಬೀಳುವ ಮಳೆಯನ್ನು. ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಗಳು ಬಿದ್ದ ಮೇಲೆ ಅಂಗಳದ ಅಂಚಿನಲ್ಲಿ ಹೂವಿನ ದಂಟುಗಳು ಏಳತೊಡಗುತ್ತವೆ.

ಇವುಗಳಲ್ಲಿ ಹೆಚ್ಚು ಮನೆಗಳಲ್ಲಿರುವುದು ದೊಡ್ಡ ಕೆಂಪು ಲಿಲ್ಲಿ, ಅಂದರೆ ಹಿಪಿಯಾಸ್ಟ್ರಮ್. ನರ್ಸರಿಯವರು ಅಮರಿಲ್ಲಿಸ್ ಎಂದು ಮಾರುತ್ತಾರೆ. ತವರು ದಕ್ಷಿಣ ಅಮೆರಿಕ. ಎಲೆ ಸರಿಯಾಗಿ ಬರುವ ಮೊದಲೇ ಬೆರಳು ದಪ್ಪದ ಟೊಳ್ಳು ದಂಟು ಮೇಲೇರಿ, ತುದಿಯಲ್ಲಿ ಎರಡರಿಂದ ಆರು ಹೂ ತುತ್ತೂರಿಯಂತೆ ಬಾಯಿ ತೆರೆಯುತ್ತವೆ. ಹೂ ಬಾಡಿದ ಮೇಲೆ ಬರುವ ಎಲೆಗಳನ್ನು ಅನೇಕರು ಕಸವೆಂದು ಕೊಯ್ದುಬಿಡುತ್ತಾರೆ. ಮುಂದಿನ ವರ್ಷದ ಹೂ ತಪ್ಪುವುದು ಅಲ್ಲಿಯೇ. ಗೆಡ್ಡೆಯೊಳಗೆ ಸುಮಾರು ನಾಲ್ಕು ಎಲೆಗಳಿಗೊಂದರಂತೆ ಹೂಗೊಂಚಲಿನ ಮೊಗ್ಗು ಮೂಡುತ್ತದೆ. ಎಲೆ ಕಡಿಮೆಯಾದರೆ ಹೂವೂ ಕಡಿಮೆ. ಬಾಡಿದ ದಂಟನ್ನು ಮಾತ್ರ ಬುಡದಲ್ಲಿ ಕತ್ತರಿಸಿ, ಎಲೆಯನ್ನು ಮಳೆಗಾಲವೆಲ್ಲ ಬೆಳೆಯಲು ಬಿಡಬೇಕು.

ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರುವಂತೆ ನೆಡಬೇಕು. ಪೂರ್ತಿ ಹೂತರೆ ಕೊಳೆಯುವ ಭಯ. ಇಲ್ಲಿನ ಕೆಂಪು ಮಣ್ಣು ನೀರನ್ನು ಬೇಗ ಬಸಿಯುವುದರಿಂದ ಅನುಕೂಲವೇ. ಮಣ್ಣು ಅಂಟಾಗಿದ್ದರೆ ಮರಳು ಬೆರೆಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದರಾಯಿತು. ಹಸಿ ಸಗಣಿ ಬೇಡ.

ಕಾರ್ತಿಕ ಕಳೆದ ಮೇಲೆ ನೀರು ಕಡಿಮೆ ಮಾಡುತ್ತ ಬಂದು, ಮಾಘದ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕು. ಎಲೆ ಹಳದಿಯಾಗಿ ಒಣಗಿದರೆ ಗಾಬರಿಪಡಬೇಕಿಲ್ಲ, ಗೆಡ್ಡೆ ಮಲಗಿದೆ ಅಷ್ಟೆ. ಟೊಮೇಟೊ ಸಾಲಿನ ಡ್ರಿಪ್ ಪೈಪಿನ ಪಕ್ಕದಲ್ಲಿ ನೆಟ್ಟ ಗೆಡ್ಡೆಗೆ ಈ ನಿದ್ದೆ ಸಿಗುವುದಿಲ್ಲ. ಅಲ್ಲಿ ಎಲೆ ಸೊಂಪಾಗಿ ಬರುತ್ತದೆ, ಹೂ ಮಾತ್ರ ಕೈಕೊಡುತ್ತದೆ. ಚೈತ್ರದಲ್ಲಿ ಮಳೆ ತಡವಾದರೆ ಒಮ್ಮೆ ಧಾರಾಳವಾಗಿ ನೀರು ಹಾಯಿಸಿ ಎಬ್ಬಿಸಬಹುದು.

ಆಫ್ರಿಕ ಮೂಲದ ಫುಟ್‌ಬಾಲ್ ಲಿಲ್ಲಿಗೂ ಇದೇ ಉಪಚಾರ ಸಾಕು. ನೂರಾರು ಕಿರುಹೂಗಳ ಕೆಂಪು ಚೆಂಡು ಅದು, ಅರೆನೆರಳಿನಲ್ಲಿ ಚೆನ್ನಾಗಿರುತ್ತದೆ. ಬಿಳಿ, ಗುಲಾಬಿ, ಹಳದಿ ಬಣ್ಣದ ಮಳೆ ಲಿಲ್ಲಿಗೆ ಇಷ್ಟೂ ಬೇಡ. ಹದವಾದ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೂ ಬಿಟ್ಟು, ಬೇಗ ಬಾಡಿ, ಮತ್ತೊಂದು ಮಳೆಗೆ ಮತ್ತೆ ಬಿಡುತ್ತದೆ.

ಮಾರುಕಟ್ಟೆಗೆ ಹೋಗುವ ಗೆಡ್ಡೆಹೂ ಸುಗಂಧರಾಜ. ತಮಿಳು ವ್ಯಾಪಾರಿಗಳ ಬಾಯಲ್ಲಿ ಅದು ಸಂಪಂಗಿ. ಮೆಕ್ಸಿಕೊದಿಂದ ಬಂದ ಈ ಗಿಡಕ್ಕೆ ವಸಂತವೊಂದೇ ಕಾಲವಲ್ಲ, ನೀರಿದ್ದರೆ ವರ್ಷದ ಬಹುಪಾಲು ಹೂ ಕೊಡುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ತಳಿಗಳಲ್ಲಿ ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನ ಎಸಳಿನವು, ಹಾರಕ್ಕೆ ಹೇಳಿ ಮಾಡಿಸಿದವು. ಸುವಾಸಿನಿ ಹಲವು ಸುತ್ತಿನದು, ಹೂದಾನಿಗೆ ಚೆಂದ. ಅಗೆದ ಗೆಡ್ಡೆಯನ್ನು ಕೂಡಲೇ ನೆಡದೆ ಒಂದು ತಿಂಗಳು ನೆರಳಿನಲ್ಲಿ ಇಟ್ಟು, ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಅಂತರದಲ್ಲಿ ನೆಡುವುದು ವಾಡಿಕೆ.

ಮಳೆಗಾಲದಲ್ಲಿ ಲಿಲ್ಲಿಗಳಿಗೆ ಕಂಟಕ ಒಂದು ಕಪ್ಪು ಕಂಬಳಿಹುಳು, ಮೈಮೇಲೆ ಬಿಳಿ ಗುರುತಿನದು. ಎಲೆಯನ್ನು ತುದಿಯಿಂದ ತಿಂದು ಗೆಡ್ಡೆಯವರೆಗೂ ಇಳಿಯುತ್ತದೆ. ಬೆಳಿಗ್ಗೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕುವುದೇ ಮನೆತೋಟಕ್ಕೆ ತಕ್ಕ ಉಪಾಯ. ಎಲೆ, ದಂಟುಗಳ ಮೇಲೆ ಕೆಂಪು ಮಚ್ಚೆಗಳೆದ್ದರೆ ಅದು ಶಿಲೀಂಧ್ರ ರೋಗ. ಆ ಭಾಗ ಕತ್ತರಿಸಿ ಸುಡಬೇಕು, ನೀರನ್ನು ಎಲೆಗೆ ಚಿಮುಕಿಸದೆ ಬುಡಕ್ಕೆ ಮಾತ್ರ ಹಾಕಬೇಕು.

ಮೂರ್ನಾಲ್ಕು ವರ್ಷಕ್ಕೊಮ್ಮೆ ಗುಂಪು ಒತ್ತಾದಾಗ ಒಣ ಕಾಲದಲ್ಲಿ ಅಗೆದು ಮರಿಗೆಡ್ಡೆಗಳನ್ನು ಬಿಡಿಸಬಹುದು. ಮರಿಗಳು ಹೂವಿಗೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಲಿಲ್ಲಿ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ವಾಂತಿ ಬರುತ್ತದೆ. ನೋಡಲು ಈರುಳ್ಳಿಯಂತೆಯೇ ಇರುವುದರಿಂದ ಅಗೆದ ಗೆಡ್ಡೆಗಳನ್ನು ಅಡುಗೆಮನೆಯ ಹತ್ತಿರ ಇಡದೆ, ಮಕ್ಕಳಿಗೂ ದನಕರುಗಳಿಗೂ ಎಟುಕದ ಕಡೆ ಹರಡಿ ಒಣಗಿಸಬೇಕು.